ಮರಿಯನ್ನು ಕೇಳಿ ಹೇಳು

ಪಾರ್ಸಿಪನಿ, ನ್ಯೂಜೆರ್ಸಿ
ನವೆಂಬರ್ 2, 2008

ಮುದ್ದು ತಹ್ರೀಮ್,

ಸಲಾಂ. ಈ ಭಾನುವಾರವೂ ಫೋನಿನಲ್ಲಿ ನೀನು ‘ಹ್ಞೂಂ’, ‘ಊಹೂಂ’ ಬಿಟ್ಟು ಬೇರೇನೂ ಹೇಳಲಿಲ್ಲ. ನಾನಿ ನಿನ್ನನ್ನು ತಿವಿಯುತ್ತಾ ‘ಮಾತಾಡು, ಅಮ್ಮಿ ಕಾಯ್ತಿದ್ದಾಳೆ’ ಎನ್ನುತ್ತಿದ್ದುದು ಇಲ್ಲಿಗೇ ಕೇಳಿಸುತ್ತಿತ್ತು. ಹನ್ನೊಂದು ವರ್ಷದ ಹುಡುಗಿಯನ್ನು ಹಾಗೆ ಒತ್ತಾಯ ಮಾಡಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ಬೇಕೆನಿಸಿದಾಗ ಓದಬಹುದು, ಬೇಕೆನಿಸಿದಾಗ ಉತ್ತರಿಸಬಹುದು.

ಮನೆಯಲ್ಲಿ ನಾವಾಡುವ ಉರ್ದುವನ್ನು ಬರೆಯಲು ನನಗೆ ಬಾರದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನ ಅಮ್ಮ, ಎಂದರೆ ನಿನ್ನ ನಾನಿ, ನನ್ನನ್ನು ಸೇರಿಸಿದ್ದು ಕನ್ನಡ ಶಾಲೆಗೆ. ಆ ಅಕ್ಷರಗಳನ್ನೇ ಇಲ್ಲಿ ಅಡುಗೆಮನೆಯ ಮೇಜಿನ ಮೇಲೆ ನಿನಗೂ ತಿದ್ದಿಸಿದೆ. ನೀನು ಗೊಣಗುತ್ತಿದ್ದೆ. ಈಗ ಉಪಯೋಗಕ್ಕೆ ಬಂತು ನೋಡು.

ನ್ಯೂಅರ್ಕ್ ಏರ್‌ಪೋರ್ಟಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನ್ಯೂಯಾರ್ಕಿನ ಬ್ಯಾಂಕಿನವರು ಅಬ್ಬುವಿನ ವಿಭಾಗವನ್ನೇ ಮುಚ್ಚಿದರು, ಕೆಲಸದ ಜೊತೆಗೆ ಅವರ ವೀಸಾ ಕೂಡ ಹೋಯಿತು, ಅವರಿಗೆ ಬೆಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿತು, ನಿನ್ನನ್ನು ಮೈಸೂರಿನಲ್ಲಿ ನಾನಿಯ ಬಳಿ ಬಿಡುವುದೆಂದಾಯಿತು. ಇದೆಲ್ಲ ನಿನಗೆ ಗೊತ್ತು. ನಾನು ಯಾಕೆ ಜೊತೆಗೆ ಬರಲಿಲ್ಲ? ಗ್ರೀನ್ ಕಾರ್ಡಿನ ಅರ್ಜಿ ನನ್ನ ಕೆಲಸದ ಮೇಲೆ ನಿಂತಿದೆ, ನಾನು ಬಿಟ್ಟರೆ ಅದು ಬಿದ್ದುಹೋಗುತ್ತದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ನಿಜ. ಇನ್ನೊಂದು ಕಾರಣವೂ ಇದೆ. ಮರಿಯ ಕೆಲಸ ಇನ್ನೂ ಅರ್ಧದಲ್ಲಿದೆ, ಅದನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಎರಡನೆಯದು ಅಬ್ಬುವಿಗೆ ಇಷ್ಟವಾಗುವುದಿಲ್ಲ. ಆದರೂ ನಿನ್ನಿಂದ ಮುಚ್ಚಿಡಲಾರೆ.

ಮರಿ ಎಂದರೆ ನಮ್ಮ ಲ್ಯಾಬಿನ ಪ್ರೋಗ್ರಾಮ್. ಹಾಗೆಂದು ಹೆಸರಿಟ್ಟವರು ನಮ್ಮ ಗುಂಪಿನ ಮುಖ್ಯಸ್ಥರಾದ ಕೃಷ್ಣಸ್ವಾಮಿ ಅಂಕಲ್. ಅದು ಏನು ಮಾಡುತ್ತದೆ ಎಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ‘ನಾನಿ ಒಲೆಯ ಮೇಲೆ ಹಾಲಿಟ್ಟರು. ಫೋನ್ ಬಂತು. ಮಾತಾಡಿ ಬಂದು ಒಲೆ ಒರೆಸಿದರು.’ ಹಾಲಿಗೆ ಏನಾಯಿತು? ಉಕ್ಕಿತು ಎಂದು ನೀನು ತಟ್ಟನೆ ಹೇಳುತ್ತೀ. ಆದರೆ ಉಕ್ಕಿತು ಎಂಬ ಮಾತು ಕಥೆಯಲ್ಲಿ ಎಲ್ಲೂ ಇಲ್ಲ. ಹಾಲು ಉಕ್ಕಿದ್ದನ್ನು ಎಂದೋ ನೋಡಿದ್ದೀ, ಆ ನೆನಪು ಬಂದು ಖಾಲಿ ಜಾಗವನ್ನು ತುಂಬಿತು. ಮರಿಗೆ ಅಂಥ ನೆನಪುಗಳಿಲ್ಲ. ನಾವು ಚಿಕ್ಕ ಚಿಕ್ಕ ಘಟನೆಗಳನ್ನು ಹೇಳಿಕೊಡುತ್ತೇವೆ, ಅದು ಇಟ್ಟುಕೊಳ್ಳುತ್ತದೆ. ಹೊಸದೇನಾದರೂ ಕೇಳಿದರೆ ಅದಕ್ಕೆ ಹೋಲುವ ಹಳೆಯದನ್ನು ಹುಡುಕಿ ಉತ್ತರಿಸುತ್ತದೆ. ಹಾಲಿನ ಬಗ್ಗೆ ಕೇಳಿದಾಗ ಏನು ಹೇಳಿತು ಗೊತ್ತೇ? ‘ಮನೆಗೆ ನೆಂಟರು ಬರುವವರಿದ್ದರು.’ ಒಲೆ ಒರೆಸುವ ಕಥೆ ಅದರ ಬಳಿ ಇದ್ದದ್ದು ಅದೊಂದೇ!

ನೀನು ಮೈಸೂರಿನ ಕಥೆಗಳನ್ನು ಕಳಿಸುತ್ತೀಯಾ? ದೊಡ್ಡದೇನೂ ಬೇಡ. ನಾನಿ ಏನು ಮಾಡಿದರು, ಬೀದಿಯಲ್ಲಿ ಏನಾಯಿತು, ಅಷ್ಟು ಸಾಕು.

ಬಕ್ರೀದಿಗೆ ಬರುತ್ತೇನೆ.

ನಿನ್ನ
ಅಮ್ಮಿ


ಮೈಸೂರು
ನವೆಂಬರ್ 19, 2008

ಅಮ್ಮಿಗೆ ಸಲಾಂ.

ನಾನು ಚೆನ್ನಾಗಿದ್ದೇನೆ. ಈ ಕಾಗದವನ್ನು ಎದುರುಮನೆಯ ನಳಿನಾಕ್ಷಿ ಮಿಸ್ ತಿದ್ದಿದ್ದಾರೆ. ನಾನು ಅವರ ಹತ್ತಿರ ಕನ್ನಡ ಟ್ಯೂಷನ್‌ಗೆ ಹೋಗುತ್ತೇನೆ. ಶಾಲೆಯಲ್ಲಿ ಎಲ್ಲರೂ ನನಗೆ ‘ಒಂದ್ ಸಲ ಅಮೆರಿಕ ಇಂಗ್ಲಿಷ್ ಮಾತಾಡೇ’ ಅನ್ನುತ್ತಾರೆ. ಮಾತಾಡಿದರೆ ನಗುತ್ತಾರೆ. ಅದಕ್ಕೆ ಮಾತಾಡುವುದಿಲ್ಲ.

ಮರಿಗೆ ಕಥೆ. ಕರೆಂಟ್ ಹೋಯಿತು. ನಾನಿ ಮೊದಲು ಮೇಣದಬತ್ತಿ ಹುಡುಕಲಿಲ್ಲ. ಕಿಟಕಿಗೆ ಹೋಗಿ ಎದುರುಮನೆ ನೋಡಿದರು. ಅಲ್ಲೂ ಕತ್ತಲೆ ಇತ್ತು. ‘ಎಲ್ಲರ್ದೂ ಹೋಗಿದೆ’ ಅಂತ ಖುಷಿಯಾಗಿ ಕೂತುಕೊಂಡರು. ಯಾಕೆ ಖುಷಿ? ಮರಿಯನ್ನು ಕೇಳಿ ಹೇಳು.

ಇನ್ನೊಂದು ಕಥೆ. ಅಬ್ಬು ಶುಕ್ರವಾರ ಬೆಂಗಳೂರಿಂದ ಬಂದರು. ನಾನಿ ಅವರ ಮುಖ ನೋಡಿ ಏನೂ ಕೇಳದೆ ಟೀ ಮಾಡಿದರು. ಏನಾಗಿತ್ತು? ನನಗೂ ಉತ್ತರ ಗೊತ್ತಿಲ್ಲ.

ಬಕ್ರೀದಿಗೆ ಬರುವಾಗ ನನ್ನ ನೇರಳೆ ಬಣ್ಣದ ಜಾಕೆಟ್ ತರಬೇಡ. ಇಲ್ಲಿ ಚಳಿ ಇಲ್ಲ. ನೀನು ಬಂದರೆ ಸಾಕು. (ಈ ಸಾಲನ್ನು ಮಿಸ್ ತಿದ್ದಲಿಲ್ಲ. ಸರಿಯಾಗಿದೆ ಅಂದರು.)

ಇತಿ
ತಹ್ರೀಮ್


ಪಾರ್ಸಿಪನಿ
ಡಿಸೆಂಬರ್ 5, 2008

ಮುದ್ದು ತಹ್ರೀಮ್,

ಬಕ್ರೀದಿಗೆ ಬರಲಾಗುವುದಿಲ್ಲವೆಂದು ಮೊನ್ನೆ ನಾನಿಗೆ ಫೋನಿನಲ್ಲಿ ಹೇಳಿದೆ. ನೀನು ಪಕ್ಕದಲ್ಲೇ ನಿಂತಿದ್ದೆಯಂತೆ. ಫೋನ್ ಅವಳಿಗೆ ಕೊಡಿ ಎಂದೆ. ‘ಆಟಕ್ಕೆ ಹೋದ್ಲು’ ಎಂದರು.

ಟಿಕೆಟ್ ಹಿಡಿದುಕೊಂಡೇ ಲ್ಯಾಬಿನ ಲಾಯರ್ ಬಳಿ ಹೋಗಿದ್ದೆ. ನಾನು ಈಗ ದೇಶ ಬಿಟ್ಟರೆ ತಿರುಗಿ ಬರುವ ಮೊದಲು ಅಲ್ಲಿ ಪಾಸ್‌ಪೋರ್ಟಿಗೆ ವೀಸಾ ಒತ್ತಿಸಬೇಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮಾರನೆಯ ವಾರವೇ ಲ್ಯಾಬಿನಲ್ಲಿ ಬಹಳ ಜನರನ್ನು ಮನೆಗೆ ಕಳಿಸಿದರು. ‘ಇಂಥ ಹೊತ್ತಿನಲ್ಲಿ ಹೊರಗೆ ಹೋದರೆ ಒಳಗೆ ಬರುವುದು ಕಷ್ಟ, ಇರುವ ಕಡೆ ಇರಿ’ ಎಂದರು ಲಾಯರ್. ಕಾರಿಡಾರಿನಲ್ಲಿ ಅರ್ಧದಷ್ಟು ಬಾಗಿಲುಗಳ ಮೇಲೆ ಹೆಸರಿನ ಪಟ್ಟಿ ಇಲ್ಲ. ಕೃಷ್ಣಸ್ವಾಮಿ ಅಂಕಲ್ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಿಂದ ಪುಳಿಯೋಗರೆ ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ನಿನಗೆ ಇದೆಲ್ಲ ಬೇಕಾಗಿಲ್ಲ. ಬರುತ್ತೇನೆಂದೆ, ಬರಲಿಲ್ಲ. ನಿನಗೆ ಉಳಿದದ್ದು ಅಷ್ಟೇ.

ಬೇಸಿಗೆ ರಜಕ್ಕೆ ಬರುತ್ತೇನೆ. ಖಂಡಿತ.

ಅಮ್ಮಿ


ಮೈಸೂರು
ಡಿಸೆಂಬರ್ 24, 2008

ಅಮ್ಮಿಗೆ ಸಲಾಂ.

ಬಕ್ರೀದ್ ಚೆನ್ನಾಗಿ ಆಯಿತು. ಹಸಿರು ಬಟ್ಟೆ ಹಾಕಿಕೊಂಡಿದ್ದೆ. ನಳಿನಾಕ್ಷಿ ಮಿಸ್‌ಗೆ ಶೀರ್ ಖುರ್ಮಾ ಪಾಯಸ ಕೊಟ್ಟು ಬಂದೆ.

ಮರಿಗೆ ಕಥೆ.

ಒಬ್ಬ ಹುಡುಗಿ ಇದ್ದಳು. ಅವಳ ಅಮ್ಮಿ ದೂರ ಇದ್ದಳು. ಹಬ್ಬಕ್ಕೆ ಬರುತ್ತೇನೆ ಅಂದಳು. ಬರಲಿಲ್ಲ. ಆಮೇಲೆ ಬೇಸಿಗೆ ರಜಕ್ಕೆ ಬರುತ್ತೇನೆ ಅಂದಳು.

ಬರುತ್ತಾಳಾ?

ಮರಿಯನ್ನು ಕೇಳಿ ಹೇಳು.

ತಹ್ರೀಮ್


ಪಾರ್ಸಿಪನಿ
ಜನವರಿ 17, 2009

ಮುದ್ದು ತಹ್ರೀಮ್,

ಇಲ್ಲಿ ಹಿಮ ಮೊಣಕಾಲಿನವರೆಗೆ ಬಂದಿದೆ. ಬೆಳಿಗ್ಗೆ ಕಾರಿನ ಮೇಲಿನದನ್ನು ಕೆರೆದು ತೆಗೆಯುವ ಹೊತ್ತಿಗೆ ಕೈ ಮರಗಟ್ಟಿರುತ್ತದೆ.

ನಿನ್ನ ಕರೆಂಟಿನ ಕಥೆ ಲ್ಯಾಬಿನಲ್ಲಿ ಎಲ್ಲರಿಗೂ ಇಷ್ಟವಾಯಿತು. ಇದುವರೆಗೆ ಮರಿಗೆ ತಿಳಿದದ್ದು ಇಷ್ಟೇ: ಕರೆಂಟ್ ಹೋದರೆ ಜನ ಕಂಪನಿಗೆ ಫೋನ್ ಮಾಡುತ್ತಾರೆ. ನಿನ್ನದನ್ನು ಹೇಳಿಕೊಟ್ಟ ಮೇಲೆ ಒಂದು ಪರೀಕ್ಷೆ ಕೊಟ್ಟೆವು. ‘ಫೋರ್ಟ್ ಲೀಯಲ್ಲಿ ಎತ್ತರದ ಕಟ್ಟಡದ ಮನೆಯೊಂದರಲ್ಲಿ ದೀಪ ಆರಿತು. ಹುಡುಗ ಏನು ಮಾಡಿದ?’ ಮರಿ ಹೇಳಿತು: ‘ಕಿಟಕಿಗೆ ಹೋಗಿ ಸೇತುವೆಯ ದೀಪಗಳನ್ನು ನೋಡಿದ.’ ಎದುರುಮನೆ ಇಲ್ಲದ ಕಡೆ, ಆ ಊರಿನ ಪಕ್ಕದಲ್ಲೇ ಇರುವ ಸೇತುವೆ! ಹಳೆಯದನ್ನು ತೆಗೆದುಕೊಂಡು ಹೊಸ ಜಾಗಕ್ಕೆ ತಾನೇ ಹೊಂದಿಸಿಕೊಂಡಿತು. ಅಂಕಲ್ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ‘ಯಾರಮ್ಮಾ ಈ ಕಥೆ ಕೊಟ್ಟಿದ್ದು?’ ಎಂದರು. ನನ್ನ ಮಗಳು ಎಂದೆ. ಆದರೆ ನಾನಿಗೆ ಯಾಕೆ ಖುಷಿಯಾಯಿತೆಂದು ಕೇಳಿದರೆ ‘ಗೊತ್ತಿಲ್ಲ’ ಎಂದಿತು. ತೊಂದರೆ ತನ್ನೊಬ್ಬಳದೇ ಅಲ್ಲ ಎಂದು ತಿಳಿದರೆ ಅರ್ಧ ನೆಮ್ಮದಿ. ಅದನ್ನು ಮರಿಗೆ ಹೇಗೆ ಹೇಳಿಕೊಡಬೇಕೋ ತಿಳಿಯದು.

ಮೊನ್ನೆ ಆಫೀಸಿನಿಂದ ಬರುವಾಗ ಏನೋ ಯೋಚನೆಯಲ್ಲಿ ಡ್ರೈವ್ ಮಾಡುತ್ತಿದ್ದೆ. ನೋಡಿದರೆ ಕಾರು, ನೀವು ಹೋದ ಮೇಲೆ ನಾನು ಬಿಟ್ಟುಬಂದ ನಮ್ಮ ಹಳೆಯ ಮನೆಯ ಮುಂದೆ ನಿಂತಿದೆ. ಇಂಡಿಕೇಟರ್ ಹಾಕಿದ್ದು, ತಿರುಗಿದ್ದು ಒಂದೂ ನೆನಪಿಲ್ಲ. ಕೈಗಳೇ ಕರೆದುಕೊಂಡು ಬಂದಿದ್ದವು. ಮನೆ ಇನ್ನೂ ಖಾಲಿ ಇದೆ. ನಿನ್ನ ಕೋಣೆಯ ಕಿಟಕಿಗೆ ಪರದೆ ಇಲ್ಲ. ಸ್ವಲ್ಪ ಹೊತ್ತು ಎಂಜಿನ್ ಆರಿಸದೆ ಕೂತಿದ್ದು ಹೊರಟೆ.

ಶಾಲೆಯಲ್ಲಿ ಯಾರಾದರೂ ಗೆಳತಿ ಸಿಕ್ಕಳೇ? ಬರೆ.

ಅಮ್ಮಿ


ಮೈಸೂರು
ಫೆಬ್ರವರಿ 4, 2009

ಅಮ್ಮಿ,

ಎಲ್ಲ ಬರೆದಿದ್ದೀಯ. ನನ್ನ ಪ್ರಶ್ನೆಗೆ ಉತ್ತರ ಬರೆದಿಲ್ಲ.

ತಹ್ರೀಮ್


ಪಾರ್ಸಿಪನಿ
ಫೆಬ್ರವರಿ 21, 2009

ತಹ್ರೀಮ್,

ನಿನ್ನ ಪ್ರಶ್ನೆಯನ್ನು ಮರಿಗೆ ಕೇಳುವ ಧೈರ್ಯ ನನಗೆ ಇರಲಿಲ್ಲ. ಅದನ್ನೇ ಆವತ್ತು ಬರೆಯಬೇಕಿತ್ತು. ಹಿಮದ ಬಗ್ಗೆ ಬರೆದೆ.

ಮೊನ್ನೆ ಎಲ್ಲರೂ ಊಟಕ್ಕೆ ಹೋದಾಗ ನಿನ್ನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿದೆ. ಮರಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ‘ಬರುವುದಿಲ್ಲ’ ಎಂದಿತು. ಯಾಕೆ ಎಂದು ಕೇಳಿದರೆ ಯಾವ ನೆನಪಿನ ಆಧಾರದ ಮೇಲೆ ಉತ್ತರಿಸಿತೋ ಅದನ್ನು ತೋರಿಸುತ್ತದೆ. ತೋರಿಸಿತು. ನಿನ್ನದೇ ಸಾಲು: ‘ಹಬ್ಬಕ್ಕೆ ಬರುತ್ತೇನೆ ಅಂದಳು. ಬರಲಿಲ್ಲ.’

ಅಷ್ಟರಲ್ಲಿ ಕೃಷ್ಣಸ್ವಾಮಿ ಅಂಕಲ್ ಬಂದರು.

‘ಊಟಕ್ಕೆ ಬರಲಿಲ್ವೇನಮ್ಮಾ?’ ಎಂದವರು ಕಂಪ್ಯೂಟರಿನ ಪರದೆ ನೋಡಿದರು. ‘ಯಾರ ಪ್ರಶ್ನೆ ಇದು?’

‘ನನ್ನ ಮಗಳದು, ಸರ್.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಮರಿದು ತಪ್ಪಿಲ್ಲ ಕಣಮ್ಮಾ. ಆ ತಾಯಿ ಬಗ್ಗೆ ಅದಕ್ಕೆ ಗೊತ್ತಿರೋದು ಒಂದೇ ಸಲದ್ದು. ಅದನ್ನೇ ಹಿಡ್ಕೊಂಡು ಮುಂದಿಂದು ಹೇಳಿದೆ.’

‘ಇನ್ನೊಂದು ನಾಲ್ಕು ಕಥೆ ಸೇರಿಸಿಬಿಡ್ಲಾ ಸರ್? ತಾಯಿ ಬರ್ತೀನಿ ಅಂದ್ಲು, ಬಂದ್ಲು ಅಂತ?’

‘ಸೇರಿಸು. ಬರ್ತಾಳೆ ಅನ್ನುತ್ತೆ. ಅದನ್ನ ಮಗೂಗೆ ಬರೀತೀಯಾ?’

ಅವರು ಹೋದ ಮೇಲೆ ಒಂದು ಕಥೆಯನ್ನು ಟೈಪ್ ಮಾಡಿಯೂ ಮಾಡಿದೆ. ಓದಿದೆ. ಅದು ಎಲ್ಲೂ ನಡೆದದ್ದಲ್ಲ. ಅಳಿಸಿಬಿಟ್ಟೆ.

ಹಾಗಾಗಿ ಉತ್ತರ ಇದು: ಮರಿ ‘ಬರುವುದಿಲ್ಲ’ ಎಂದಿತು. ನೀನು ಕೇಳಿದ್ದು ಮರಿಯನ್ನು, ಅದಕ್ಕೇ ಮರಿ ಹೇಳಿದ್ದನ್ನು ಬರೆದಿದ್ದೇನೆ. ಅಮ್ಮಿಯನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದೆ. ನೀನು ಅಮ್ಮಿಯನ್ನು ಯಾಕೆ ಕೇಳಲಿಲ್ಲ ಎಂಬುದೂ ನನಗೆ ತಿಳಿಯಿತು.

ನಿನ್ನ
ಅಮ್ಮಿ


ಮೈಸೂರು
ಮಾರ್ಚ್ 22, 2009

ನಾಝಿಯಾ,

ಕಾಗದದಲ್ಲಿ ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾಗಬಹುದು. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಾವಿಬ್ಬರೂ ಮಾತು ಶುರು ಮಾಡಿದರೆ ವೀಸಾ, ವಕೀಲರು ಎಂದು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಅದಕ್ಕೇ ನಿಮ್ಮಿಬ್ಬರ ಥರ ನಾನೂ ಬರೆಯೋಣ ಅನ್ನಿಸಿತು.

ನಿನ್ನ ಫೆಬ್ರವರಿ ಕಾಗದವನ್ನು ತಹ್ರೀಮ್ ನನ್ನ ಮುಂದೆಯೇ ಓದಿದಳು. ‘ನಂಗೆ ಗೊತ್ತಿತ್ತು, ಇದಕ್ಕೆ ಕಂಪ್ಯೂಟರ್ ಬೇಕಾಗಿರ್ಲಿಲ್ಲ’ ಎಂದಳು. ಆಮೇಲೆ ಊಟಕ್ಕೆ ಕೂತು ಎಂದಿಗಿಂತ ಹೆಚ್ಚಾಗಿಯೇ ಊಟ ಮಾಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು. ಅಲ್ಲಿಂದ ಈಚೆಗೆ ಭಾನುವಾರ ನಿನ್ನ ಫೋನಿನ ಹೊತ್ತಿಗೆ ಸರಿಯಾಗಿ ಸೈಕಲ್ ತೆಗೆದುಕೊಂಡು ಹೊರಟುಬಿಡುತ್ತಾಳೆ. ಫೋನ್ ಮುಗಿದ ಮೇಲೆ ಬಂದು ಅತ್ತೆಯನ್ನು ಕೇಳುತ್ತಾಳೆ, ‘ಯಾರ ಫೋನು?’

ಒಂದು ಮಾತು ಕೇಳಿಕೊಳ್ಳುತ್ತೇನೆ. ಇನ್ನು ಯಾವ ಹಬ್ಬಕ್ಕೂ ಯಾವ ರಜಕ್ಕೂ ಬರುತ್ತೇನೆಂದು ಅವಳಿಗೆ ಹೇಳಬೇಡ. ಬರುವುದಾದರೆ ಬಾ.

ನನ್ನ ಬಗ್ಗೆ ಕೇಳಿದ್ದೆಯಂತೆ. ವಾರವೆಲ್ಲ ಬೆಂಗಳೂರು, ಶುಕ್ರವಾರ ರೈಲು. ಅಂಗಿಗಳನ್ನು ನಾನೇ ಇಸ್ತ್ರಿ ಮಾಡಿಕೊಳ್ಳುತ್ತೇನೆ, ನೀನು ನಗಬಹುದು. ಕೆಲಸ ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ. ನನ್ನ ಕೆಲಸ ಹೋದಾಗ ನಾನು ಹೇಗಾಗಿದ್ದೆ ಎಂದು ನೀನು ನೋಡಿದ್ದೀ. ಹಾಗೆ ಆಗು ಎಂದು ಇನ್ನೊಬ್ಬರಿಗೆ ಹೇಳಲು ನನ್ನಿಂದಾಗದು, ನಿನಗಂತೂ ಆಗದು. ಹಾಗಂತ ಇಲ್ಲೇನೂ ಕಡಿಮೆಯಾಗಿಲ್ಲ ಎಂದು ತಿಳಿಯಬೇಡ.

ರಿಝ್ವಾನ್


ಪಾರ್ಸಿಪನಿ
ಏಪ್ರಿಲ್ 11, 2009

ಮುದ್ದು ತಹ್ರೀಮ್,

ನೀನು ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಇಲ್ಲಿ ನಡೆದದ್ದು ಬೇರೆಯವರಿಂದ ನಿನಗೆ ತಿಳಿಯುವುದು ಬೇಡ.

ಕಳೆದ ವಾರ ನಿರ್ದೇಶಕರು ನಮ್ಮನ್ನೆಲ್ಲ ಕೆಫೆಟೀರಿಯಾಕ್ಕೆ ಕರೆದರು. ಲ್ಯಾಬಿಗೆ ದುಡ್ಡು ಕೊಡುತ್ತಿದ್ದವರು ಕೈಯೆತ್ತಿದ್ದಾರೆ. ನಮ್ಮ ಗುಂಪು ಈ ತಿಂಗಳಿಗೆ ಮುಗಿಯಿತು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಅಂಕಲ್ ಕಾಗದದ ಖಾಲಿ ಕಾಫಿ ಲೋಟದ ಅಂಚನ್ನು ಚೂರು ಚೂರು ಮಾಡುತ್ತಾ ಕೂತಿದ್ದರು. ಮರಿಗೆ ಮಾತು ಕಲಿಸುವುದರಲ್ಲೇ ಅವರ ತಲೆ ಬೆಳ್ಳಗಾಗಿದೆ.

ಬ್ರಿಡ್ಜ್‌ವಾಟರಿನ ಒಂದು ಔಷಧ ಕಂಪನಿ ಮರಿಯನ್ನು ಕೊಳ್ಳುತ್ತಿದೆ. ಜೊತೆಗೆ ನನ್ನನ್ನೂ ಕರೆದಿದ್ದಾರೆ. ನೋಡಲು ಹೋಗಿದ್ದೆ. ಒಳ್ಳೆಯ ಜನ. ಗ್ರೀನ್ ಕಾರ್ಡ್ ಅರ್ಜಿಯನ್ನು ಹೊಸದಾಗಿ ಹಾಕಿಕೊಡುತ್ತಾರೆ. ಆದರೆ ಮುಂದಿನ ವರ್ಷದವರೆಗೆ ರಜ ಇಲ್ಲ. ಅವರಿಗೆ ಮರಿ ಬೇಕಾಗಿರುವುದು ಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವುದಕ್ಕೆ.

‘ಕಥೆಗಳನ್ನೆಲ್ಲ ತೆಗೆದುಬಿಡಿ, ಪ್ರಶ್ನೆಗೆ ಉತ್ತರ ಬಂದರೆ ಸಾಕು’ ಎಂದರು ಅಲ್ಲಿಯ ಮ್ಯಾನೇಜರ್.

‘ಒಬ್ಬರೇ ಎರಡನೇ ಸಲ ಫೋನ್ ಮಾಡಿದರೆ?’ ಎಂದು ಕೇಳಿದೆ.

‘ಹೊಸಬರು ಎಂದುಕೊಳ್ಳುತ್ತದೆ. ಏನು ತೊಂದರೆ?’

ಏನು ತೊಂದರೆ ಎಂಬುದು ಕಾರಿಗೆ ಬಂದು ಕೂತ ಮೇಲೆ ನನಗೆ ಹೊಳೆಯಿತು. ಹೋದ ಸಲ ಔಷಧಿ ತೆಗೆದುಕೊಂಡು ತಲೆ ಸುತ್ತಿತು ಎಂದು ಹೇಳಿದ ಮುದುಕಿ ಪುನಃ ಫೋನ್ ಮಾಡಿದಾಗ ಮೊದಲಿಂದ ಹೇಳಬೇಕು. ಕೇಳಿಸಿಕೊಂಡವರು ಯಾರೂ ಇರುವುದಿಲ್ಲ.

ತಿಂಗಳ ಕೊನೆಯೊಳಗೆ ಹೇಳಬೇಕು. ನಾನೇನು ಮಾಡಲಿ ಎಂದು ನಿನ್ನನ್ನು ಕೇಳುವುದಿಲ್ಲ. ಅದು ನಿನ್ನ ವಯಸ್ಸಿನವರನ್ನು ಕೇಳುವ ಪ್ರಶ್ನೆ ಅಲ್ಲ. ಈ ಕೆಲಸ ಬಿಟ್ಟು ಬಂದರೂ ‘ನಿನಗೋಸ್ಕರ ಬಿಟ್ಟೆ’ ಎಂದು ಯಾವತ್ತೂ ಹೇಳುವುದಿಲ್ಲ. ಹೇಳಿದರೆ ಆ ಭಾರ ನೀನು ಹೊರಬೇಕಾಗುತ್ತದೆ.

ಬಿಟ್ಟು ಬರುತ್ತೇನೋ ಇಲ್ಲವೋ, ಅದನ್ನೂ ಇಲ್ಲಿ ಬರೆಯುವುದಿಲ್ಲ. ಬರೆದು ಬರೆದು ಆ ಮಾತು ಸವೆದುಹೋಗಿದೆ.

ಸೈಕಲ್ ಓಡಿಸುವಾಗ ಹುಷಾರು. ಮಂಡಿ ಮೊಹಲ್ಲಾದ ತಿರುವುಗಳಲ್ಲಿ ಆಟೋದವರು ಹಾರ್ನ್ ಮಾಡುವುದಿಲ್ಲ.

ಅಮ್ಮಿ


ಮೈಸೂರು
ಏಪ್ರಿಲ್ 25, 2009

ಅಮ್ಮಿ,

ಇದನ್ನು ಮಿಸ್‌ಗೆ ತೋರಿಸಿಲ್ಲ. ತಪ್ಪಿದ್ದರೆ ನೀನೇ ತಿದ್ದಿಕೊ.

ಮರಿಯ ಕಥೆ ಎಲ್ಲ ತೆಗೆದರೆ ನಾನಿಯ ಕರೆಂಟಿನ ಕಥೆಯೂ ಹೋಗುತ್ತಾ? ಅದು ಒಂದನ್ನಾದರೂ ಇಟ್ಟುಕೊಳ್ಳಲು ಹೇಳು.

ನೀನು ಕೆಲಸ ಬಿಡಬೇಡ. ಅಬ್ಬುಗೆ ಕೆಲಸ ಹೋದಾಗ ಅವರು ದಿನಾ ಶರ್ಟ್ ಹಾಕಿಕೊಂಡು ಗರಾಜಿಗೆ ಹೋಗಿ ಕಾರಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಕಾರ್ ಸ್ಟಾರ್ಟ್ ಮಾಡುತ್ತಿರಲಿಲ್ಲ. ನಾನು ಸ್ಕೂಲ್ ಬಸ್ಸಿಗೆ ಹೋಗುವಾಗ ನೋಡುತ್ತಿದ್ದೆ. ನಿನಗೆ ಹೇಳಿಲ್ಲ. ಕೆಲಸ ಹೋದರೆ ನೀನೂ ಹಾಗೆ ಕೂರುತ್ತೀಯ. ಆಗ ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೆ ಬಿಡಬೇಡ. ಬರದಿದ್ದರೂ ಪರವಾಗಿಲ್ಲ. ನನಗೆ ಕೋಪ ಇತ್ತು. ಈಗ ಅಷ್ಟು ಇಲ್ಲ.

ಒಂದು ವಿಷಯ ಕೇಳಬೇಕು. ಪಾರ್ಸಿಪನಿ ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಅಡುಗೆಮನೆ ಯಾವ ಕಡೆ ಸಿಗುತ್ತಿತ್ತು? ನೆನಪು ಮಾಡಿಕೊಂಡರೆ ನಾನಿ ಮನೆಯ ಅಡುಗೆಮನೆಯೇ ಬರುತ್ತದೆ. ನೀನು ಅಲ್ಲಿ ನಿಂತಿರುವುದು ಬರುತ್ತದೆ, ಆದರೆ ಗೋಡೆ ಬೇರೆ. ಅಬ್ಬುವನ್ನು ಕೇಳಬಹುದಿತ್ತು. ಕೇಳಲಿಲ್ಲ.

ಕಾಗದ ಬರೆ.

ತಹ್ರೀಮ್


ಮೈಸೂರು
ಜೂನ್ 14, 2009

ಕೃಷ್ಣಸ್ವಾಮಿ ಸರ್‌ಗೆ ನಾಝಿಯಾಳ ನಮಸ್ಕಾರಗಳು.

ನೀವೂ ಆಂಟಿಯೂ ಆರೋಗ್ಯವೆಂದು ನಂಬಿದ್ದೇನೆ. ಏರ್‌ಪೋರ್ಟಿನವರೆಗೆ ಬಂದು ಬಿಟ್ಟಿರಿ, ಪೆಟ್ಟಿಗೆ ಎತ್ತಿ ಕೊಟ್ಟಿರಿ. ಅಂದು ಸರಿಯಾಗಿ ನಾಲ್ಕು ಮಾತಾಡಲೂ ನನ್ನಿಂದ ಆಗಲಿಲ್ಲ. ಅದಕ್ಕೇ ಈ ಕಾಗದ.

ತಹ್ರೀಮಳ ಕೊನೆಯ ಕಾಗದವನ್ನು ನಿಮಗೆ ಓದಿ ಹೇಳಿದ್ದೆ. ಅದು ಕೈಸೇರುವ ಹೊತ್ತಿಗೆ ನಾನು ಬ್ರಿಡ್ಜ್‌ವಾಟರಿನವರಿಗೆ ಬರುವುದಿಲ್ಲವೆಂದು ಹೇಳಿ ಟಿಕೆಟ್ ತೆಗೆದುಕೊಂಡಾಗಿತ್ತು. ಅವಳು ಬಿಡಬೇಡ ಎಂದಿದ್ದಳು, ನಾನು ಬಿಟ್ಟಾಗಿತ್ತು. ವಿಮಾನದಲ್ಲಿ ಅದನ್ನೇ ಯೋಚಿಸುತ್ತಿದ್ದೆ. ತಂದೆ ಕಾರಿನಲ್ಲಿ ಕೂತಿದ್ದನ್ನು ನೋಡಿ ತಾಯಿಗೆ ಏನಾಗಬಹುದೆಂದು ಲೆಕ್ಕ ಹಾಕಿದವಳು ಅವಳು. ನಾವು ಇಷ್ಟು ವರ್ಷ ಯಾರಿಗೆ ಏನು ಕಲಿಸುತ್ತಿದ್ದೆವು ಸರ್?

ಬರುವ ವಿಷಯ ರಿಝ್ವಾನರಿಗೆ ಮಾತ್ರ ಹೇಳಿದ್ದೆ. ಆಟೋ ನಿಂತಾಗ ತಹ್ರೀಮ್ ಬೀದಿಯಲ್ಲಿ ಸೈಕಲ್ ತುಳಿಯುತ್ತಿದ್ದಳು. ನನ್ನನ್ನು ನೋಡಿದಳು. ಓಡಿ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದು, ಸೈಕಲನ್ನು ಗೋಡೆಯ ಬದಿಗೆ ತಂದು, ಸ್ಟ್ಯಾಂಡ್ ಹಾಕಿ, ‘ನಾನಿ ಒಳಗಿದ್ದಾರೆ’ ಎಂದಳು. ನಾನು ಅವಳ ರೂಢಿಯಂತೆ ಇಂಗ್ಲಿಷಿನಲ್ಲಿ ಹೇಗಿದ್ದೀ ಎಂದು ಕೇಳಿದೆ. ಅಲ್ಲಿ ಮನೆಯಲ್ಲಿ ನಾನು ಉರ್ದುವಿನಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು. ‘ಚೆನ್ನಾಗಿದೀನಿ’ ಎಂದು ಕನ್ನಡದಲ್ಲಿ ಹೇಳಿ ನನ್ನ ಚಿಕ್ಕ ಚೀಲ ಎತ್ತಿಕೊಂಡು ಒಳಗೆ ನಡೆದಳು. ನೆಂಟರ ಚೀಲ ಎತ್ತಿಕೊಂಡು ಹೋಗುವ ಹಾಗೆ.

ಅವಳು ನನ್ನೊಡನೆ ಒರಟಾಗಿ ನಡೆದುಕೊಳ್ಳಲಿಲ್ಲ. ಒರಟಾಗಿದ್ದರೆ ಸುಲಭವಿತ್ತು. ನೀರು ಬೇಕಾ ಎಂದು ಕೇಳುತ್ತಿದ್ದಳು. ತನ್ನ ಬಟ್ಟೆಗಳನ್ನು ಒತ್ತರಿಸಿ ಅಲ್ಮೇರಾದಲ್ಲಿ ನನಗೆ ಒಂದು ಖಾನೆ ಖಾಲಿ ಮಾಡಿಕೊಟ್ಟಳು. ಬೆಳಿಗ್ಗೆ ಎದ್ದು ನಾನಿದ್ದೇನೆಯೇ ಎಂದು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದಳು. ಯಾವಾಗ ಹೋಗುತ್ತೀ ಎಂದು ಮಾತ್ರ ಕೇಳಲೇ ಇಲ್ಲ. ಕೇಳಲಿ ಎಂದು ಕಾದೆ. ಕೇಳಿದ್ದರೆ ಹೋಗುವುದಿಲ್ಲ ಎನ್ನಬಹುದಿತ್ತು. ನಾನಾಗಿಯೇ ಹೇಳಿದರೆ? ಅದೂ ಇನ್ನೊಂದು ‘ಖಂಡಿತ’ ಆಗಿಬಿಡುತ್ತದೆ ಅನ್ನಿಸುತ್ತಿತ್ತು.

ಅವಳ ಪ್ರಶ್ನೆಗೆ ಉತ್ತರ ಕೊಟ್ಟೆ. ಕಾಗದದ ಮೇಲೆ ಹಳೆಯ ಮನೆಯ ನಕ್ಷೆ ಬರೆದು ಮೆಟ್ಟಿಲು ಇಲ್ಲಿ, ಅಡುಗೆಮನೆ ಎಡಕ್ಕೆ ಎಂದು ತೋರಿಸಿದೆ. ಬಹಳ ಹೊತ್ತು ನೋಡಿ, ‘ಫ್ರಿಜ್ ಇಲ್ಲಿತ್ತು’ ಎಂದು ಅವಳೇ ಬೆರಳಿಟ್ಟಳು. ಸರಿಯಾಗಿತ್ತು. ನನಗೇ ಅದು ಮರೆತಿತ್ತು.

ರಿಝ್ವಾನ್ ವಾರದ ಕೊನೆಗೆ ಬಂದಾಗ ಮುಂದೇನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ತಮ್ಮ ಅಂಗಿಗಳ ಜೊತೆ ನನ್ನ ದುಪಟ್ಟಾವನ್ನೂ ಸೇರಿಸಿ ಇಸ್ತ್ರಿ ಮಾಡತೊಡಗಿದರು. ನಮ್ಮಿಬ್ಬರ ನಡುವೆ ಆಡಬೇಕಾದ ಮಾತು ಬಹಳ ಇದೆ. ಒಂದೊಂದೇ ಆಡಬೇಕು. ಇಲ್ಲಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡಲು ಕೇಳಿದ್ದಾರೆ, ಮುಂದಿನ ವಾರ ಹೋಗಿ ನೋಡಬೇಕು.

ನಿಜ ಹೇಳಲೇ ಸರ್? ಮರಿಯ ನೆನಪಾಗುತ್ತದೆ. ಬೀದಿಯಲ್ಲಿ ಏನಾದರೂ ನಡೆದರೆ ಇದನ್ನು ಅದಕ್ಕೆ ಹೇಳಿಕೊಡಬೇಕು ಎಂದು ಮನಸ್ಸು ಹೊರಟುಬಿಡುತ್ತದೆ. ಆಮೇಲೆ ನೆನಪಾಗುತ್ತದೆ, ಹೇಳಿಕೊಳ್ಳಲು ಅದಿಲ್ಲ. ಇಷ್ಟು ಬೇಕಾಗಿದ್ದದ್ದು ಸಿಕ್ಕಿದ ಮನೆಯಲ್ಲಿ ಕೂತು ಇನ್ನೊಂದಕ್ಕೆ ಹಂಬಲಿಸುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಅಲ್ಲಿದ್ದಾಗ ಇಲ್ಲಿಯದು, ಇಲ್ಲಿದ್ದಾಗ ಅಲ್ಲಿಯದು.

ಜೂನ್ ಮೊದಲಿಗೆ ಶಾಲೆ ಶುರುವಾಯಿತು. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ತಹ್ರೀಮ್ ಕನ್ನಡಿಯಲ್ಲಿ ಯಾರನ್ನೂ ನೋಡದೆ ಕೇಳಿದಳು, ‘ಸಾಯಂಕಾಲ ಕರ್ಕೊಂಡು ಬರೋಕೆ ಯಾರು ಬರ್ತೀರಾ?’

ಜಡೆ ಹಾಕುತ್ತಿದ್ದ ಅವಳ ನಾನಿ ಬಾಯಿ ತೆರೆಯುವಷ್ಟರಲ್ಲಿ ‘ನಾನು’ ಎಂದೆ.

‘ಸರಿ’ ಎಂದಳು. ಅಷ್ಟೇ.

ಆವತ್ತು ಬಹಳ ಮುಂಚೆಯೇ ಹೋಗಿ ಗೇಟಿನ ಬಳಿ ನಿಂತೆ. ಹೊರಬಂದವಳ ಕಣ್ಣು ಮೊದಲು ಗೇಟಿನ ಉದ್ದಕ್ಕೂ ಹುಡುಕಿತು. ನಾನು ಕಂಡ ಮೇಲೆ ನಡಿಗೆ ನಿಧಾನ ಮಾಡಿಕೊಂಡು ಬಂದಳು. ಮಾರನೆಯ ದಿನವೂ ಹೋದೆ. ಅದರ ಮಾರನೆಯ ದಿನವೂ. ದಿನವೂ ಆ ಕಣ್ಣು ಹುಡುಕುತ್ತಿತ್ತು.

ಮೊನ್ನೆ ಶುಕ್ರವಾರ ಗೆಳತಿಯ ಜೊತೆ ಜೋರಾಗಿ ಏನೋ ವಾದ ಮಾಡುತ್ತಾ ಹೊರಗೆ ಬಂದಳು. ಯಾವುದೋ ಟೀಚರ್ ವಿಷಯ. ಗೇಟಿನ ಕಡೆ ನೋಡಲಿಲ್ಲ. ಮಾತು ನಿಲ್ಲಿಸದೆ, ನನ್ನ ಕಡೆ ತಿರುಗದೆ, ನಾನಿರುವ ಕಡೆಗೆ ಕೈ ಚಾಚಿ ಚೀಲವನ್ನು ಬಿಟ್ಟಳು. ನಾನು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿತ್ತು. ಹಿಡಿದುಕೊಂಡೆ. ಗೆಳತಿ ತನ್ನ ಬೀದಿಗೆ ತಿರುಗಿದ ಮೇಲೆ ‘ನಾಳೆ ಡಬ್ಬಿಗೆ ಚಪಾತಿ ಬೇಡ ಅಮ್ಮಿ, ಬೇರೇನಾದ್ರೂ ಹಾಕು’ ಎಂದಳು.

ಆಂಟಿಗೆ ನನ್ನ ಸಲಾಂ ತಿಳಿಸಿ.

ನಿಮ್ಮ
ನಾಝಿಯಾ